ಫೌಲ್ ಬ್ರೂಡ್‌ಗೆ ‘ಕೊಳೆರೋಗ’ ಅನ್ನಬಹುದಾ?

ಗೆಳೆಯರೇ,

ಜೇನು ಸಾಕುವವರಿಗಾಗಿ ರೋಗಗಳ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಅಂತ ಜೇನಿನ ಹೆಸರುಗಳಿಗೆ ನಮ್ಮಲ್ಲಿ ಬರವಿಲ್ಲ. ಕಾಯಿಲೆಯ ವಿಷಯಕ್ಕೆ ಬಂದರೆ ಮಾತ್ರ ಪೇಚು.

ಫೌಲ್ ಬ್ರೂಡ್ ಬ್ಯಾಕ್ಟೀರಿಯಾದಿಂದ ಬರುವ ರೋಗ. ಮರಿಗಳು ಎರಿಯ ಕೋಶದಲ್ಲೇ ಸತ್ತು ಕೊಳೆಯುತ್ತವೆ. ಕೊಳೆರೋಗ ಅಂತ ಬರೆದರೆ ಮುಗೀತಲ್ವಾ? ಮುಗಿಯಲ್ಲ. ಮಲೆನಾಡು, ಕರಾವಳಿಯಲ್ಲಿ ಪೆಟ್ಟಿಗೆ ಇಟ್ಟವರಲ್ಲಿ ಅಡಿಕೆ ತೋಟದವರು ಬಹಳ. ಅವರಿಗೆ ಕೊಳೆ ಅಂದರೆ ಅಡಿಕೆಯ ಕಾಯಿಲೆ: ಮಳೆಗಾಲ, ಉದುರಿದ ಕಾಯಿ, ಸಿಂಪಡಿಸುವ ಬೋರ್ಡೋ ದ್ರಾವಣ. ಕಾಫಿಯವರಿಗೆ ಬೇರೆಯದೇ ಕೊಳೆರೋಗವಿದೆ. ಅದನ್ನು ತರುವ ಶಿಲೀಂಧ್ರದ ವೈಜ್ಞಾನಿಕ ಹೆಸರಿನಲ್ಲೂ ‘ಕೊಳೆರೋಗ’ ಸೇರಿಕೊಂಡಿದೆ. ನಮ್ಮ ಪದ ಅಷ್ಟು ದೂರ ಹೋಗಿದ್ದು ಖುಷಿಯೇ. ಹಾಗಂತ ಮೂರನೆಯದಕ್ಕೂ ಅದನ್ನೇ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ.

ಇದನ್ನು ಸುಮ್ನೆ ಚೆಂದಕ್ಕೆ ಕೇಳುತ್ತಿಲ್ಲ. ಮರಿ ಸಾಯುವ ಇನ್ನೊಂದು ಕಾಯಿಲೆ ಸ್ಯಾಕ್ ಬ್ರೂಡ್. ಅದು ವೈರಸ್‌ನದು. ಅದರ ಥಾಯ್ (ಥಾಯ್ಲೆಂಡಿನ) ತಳಿಯೇ 1990ರ ದಶಕದ ಶುರುವಿನಲ್ಲಿ ಕೇರಳ, ಕರ್ನಾಟಕದ ತುಡುವೆ ಪೆಟ್ಟಿಗೆಗಳನ್ನು ಸಾಲುಸಾಲಾಗಿ ಖಾಲಿ ಮಾಡಿದ್ದು. ಸತ್ತ ಮರಿ ತಲೆ ಮೇಲೆತ್ತಿ, ನೆಟ್ಟಗೆ ಚಾಚಿಕೊಂಡು ಬಿದ್ದಿರುತ್ತದೆ. ಚಿಮಟದಲ್ಲಿ ಮೆಲ್ಲಗೆ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಇಡಿಯಾಗಿ ಬರುತ್ತದೆ. ಫೌಲ್ ಬ್ರೂಡ್‌ನಲ್ಲಿ ಅಮೆರಿಕನ್, ಯುರೋಪಿಯನ್ ಅಂತ ಎರಡು ಬಗೆ. ಅಮೆರಿಕನ್ ಫೌಲ್ ಬ್ರೂಡ್‌ನಲ್ಲಿ ಹೀಗಾಗಲ್ಲ. ಮುಚ್ಚಿದ ಕೋಶಕ್ಕೆ ಬೆಂಕಿಕಡ್ಡಿ ಚುಚ್ಚಿ ಹೊರಗೆಳೆದರೆ ಕಂದು ಅಂಟು ಎಳೆಯಾಗಿ ಜಗ್ಗುತ್ತದೆ. ಅದರ ಬೀಜಾಣು ಹಲವು ದಶಕ ಬದುಕಿರುತ್ತವೆ, ಹಾಗಾಗಿ ಎರಿಗಳನ್ನು ಸುಡುವುದೇ ದಾರಿ. ಎರಡನ್ನೂ ‘ಕೊಳೆ’ ಅಂದುಬಿಟ್ಟರೆ ವೈರಸ್ಸಿಗೆ ಆಂಟಿಬಯೋಟಿಕ್ ಹಾಕುವವರು ಹುಟ್ಟಿಕೊಳ್ಳುತ್ತಾರೆ. ಔಷಧಿ ಜೇನುತುಪ್ಪಕ್ಕೆ ಇಳಿಯುತ್ತದೆ, ರೋಗ ಮಾತ್ರ ಜಗ್ಗಲ್ಲ.

‘ಥಾಯ್’ ಕೂಡ ತೊಂದರೆಯದ್ದೇ. ಒಬ್ಬರು ಕರಡು ಓದಿ, “ತಾಯಿ ರೋಗ ಅಂದ್ರೆ ರಾಣಿಗೆ ಬರೋದಾ?” ಅಂತ ಕೇಳಿದರು. ಅಮೆರಿಕನ್, ಯುರೋಪಿಯನ್ ಅನ್ನುವ ಹೆಸರುಗಳದ್ದೂ ಇದೇ ಕಥೆ. ಅವು ರೋಗವನ್ನು ಮೊದಲು ಪರೀಕ್ಷಿಸಿದ ಜಾಗದ ಗುರುತು ಅಷ್ಟೇ. ಯುರೋಪಿಯನ್ ಫೌಲ್ ಬ್ರೂಡ್ ನಮ್ಮ ತುಡುವೆಗೂ ಬರುತ್ತದೆ.

ಮರಿ ಇರುವ ಕೆಳಗಿನ ಭಾಗವನ್ನು ಸಂಸಾರ ಕೋಣೆ ಅನ್ನುತ್ತೇವಲ್ಲ, ಎಷ್ಟು ಒಳ್ಳೆಯ ಮಾತು! ಆ ಧಾಟಿಯಲ್ಲಿ ಫೌಲ್ ಬ್ರೂಡ್‌ಗೆ ‘ಮರಿಕೊಳೆ’, ಸ್ಯಾಕ್ ಬ್ರೂಡ್‌ಗೆ ‘ಚೀಲಮರಿ ರೋಗ’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಜೇನುನೊಣಕ್ಕೆ ಅಂಟಿಕೊಂಡು ಕಾಡುವ ಸಣ್ಣ ಜೀವಿ ವರೋವಾಕ್ಕೆ ‘ನುಸಿ’ ಸಾಕು, ತೆಂಗಿನವರಿಗೆ ಅದು ಚೆನ್ನಾಗಿ ಗೊತ್ತು. ಬಯೋಸೆಕ್ಯುರಿಟಿಗೆ ಮಾತ್ರ ‘ಜೈವಿಕ ಸುರಕ್ಷತೆ’ ಬೇಡ. ಅಲ್ಲಿ ಹೇಳಬೇಕಾದ್ದು ಇಷ್ಟೇ: ಬೇರೆಯವರ ಹಳೇ ಎರಿ ತರಬೇಡಿ, ಎಲ್ಲಿಯದೋ ಜೇನುತುಪ್ಪ ನೊಣಕ್ಕೆ ಉಣಿಸಬೇಡಿ, ಹೊಸ ಕುಟುಂಬವನ್ನು ಸ್ವಲ್ಪ ದಿನ ದೂರ ಇಡಿ. ಹಾಗಾಗಿ ‘ರೋಗಗಾವಲು’ ಅಂತ ಹಾಕಿದ್ದೇನೆ.

ಶಿರಸಿ, ಸುಳ್ಯ, ಕೊಡಗಿನ ಕಡೆಯ ಹಳಬರು ಮರಿ ಸಾಯುವ ಈ ಕಾಯಿಲೆಗಳಿಗೆ ಏನನ್ನುತ್ತಿದ್ದರು? ಆಡುಮಾತಿನ ಪದವಿದ್ದರೆ ನನ್ನ ‘ಮರಿಕೊಳೆ’ಯನ್ನು ಈಗಲೇ ಹೊಡೆದುಹಾಕುತ್ತೇನೆ. ಇಲ್ಲದಿದ್ದರೆ, ‘ಕೊಳೆಮರಿ’ ವಾಸಿಯೋ ‘ಮರಿಕೊಳೆ’ ವಾಸಿಯೋ?