ಆಟೋಲಿಸ್ಪ್: ಡಿಫಾಲ್ಟ್ ನೆನಪಲ್ಲಿರ್ಬೇಕು, ಬೇರೆ ರೂಟಿನ್ ಅದನ್ನ ಮುಟ್ಬಾರ್ದು, ಹೇಗೆ?

ಶಿವಮೊಗ್ಗ ಡ್ರಾಫ್ಟಿಂಗ್:
ನಮಸ್ಕಾರ ಎಲ್ರಿಗೂ. ಮನೆ ಪ್ಲಾನ್ ಕೆಲಸಕ್ಕೆ ಆಟೋಕ್ಯಾಡ್‌ನಲ್ಲಿ ಗೋಡೆ ಎಳೆಯೋ ಲಿಸ್ಪ್ (ಆಟೋಲಿಸ್ಪ್ ಭಾಷೇಲಿ ಬರ್ದ ಸಣ್ಣ ಪ್ರೋಗ್ರಾಂ, ಅಂದ್ರೆ ರೂಟಿನ್) ಒಂದು, ಕಿಟಕಿ ಕೂರ್ಸೋದು ಇನ್ನೊಂದು ಇದೆ. ಎರಡ್ರಲ್ಲೂ ಡಬ್ಲ್ಯೂ ಅಂತ ವೇರಿಯಬಲ್, ಗೋಡೇಲಿ ಅದು ದಪ್ಪ 230 ಮಿ.ಮೀ., ಕಿಟಕೀಲಿ ಅಗಲ 1200. ಕಿಟಕಿ ಕೂರ್ಸಿ ವಾಪಸ್ ಗೋಡೆ ಕಮಾಂಡ್ ಕೊಟ್ಟು ಎಂಟರ್ ಒತ್ತಿದ್ರೆ 1200 ದಪ್ಪದ ಗೋಡೆ ಬಂದು ಕೂರುತ್ತೆ! ಡಿಫನ್ ಲೈನಲ್ಲಿ (ಫಂಕ್ಷನ್ ಶುರುವಾಗೋ ಸಾಲು) ಸ್ಲ್ಯಾಶ್ ಆದ್ಮೇಲೆ ಡಬ್ಲ್ಯೂ ಸೇರಿಸಿದ್ರೆ ಆ ತಾಪತ್ರಯ ಇಲ್ಲ, ಆದ್ರೆ ಹಿಂದಿನ ಸಲ ಕೊಟ್ಟ ದಪ್ಪ ಮರ್ತೋಗುತ್ತೆ, ಪ್ರತಿ ಸಲ ಟೈಪ್ ಮಾಡ್ಬೇಕು. ಎರಡೂ ಒಟ್ಟಿಗೆ ಆಗೋ ದಾರಿ ಯಾರಾದ್ರೂ ಹೇಳಿ.

ತೀರ್ಥಹಳ್ಳಿ ಸಿವಿಲ್:
ಒಂದೇ ಹೆಸ್ರಿಗೆ ಎರಡು ಕೆಲಸ ಕೊಟ್ಟಿದೀರಿ ಮಾರಾಯ್ರೆ, ಬೇರೆ ಮಾಡಿ. ನೆನಪಿಟ್ಕೊಳ್ಳೋಕೆ ಒಂದು ಗ್ಲೋಬಲ್ (ರೂಟಿನ್ ಮುಗಿದ್ಮೇಲೂ ಉಳಿಯೋ ವೇರಿಯಬಲ್), ಅದಕ್ಕೆ ಬೇರೆ ಯಾರೂ ಇಡದಂಥ ಉದ್ದ ಹೆಸರು, ಎರಡೂ ಕಡೆ ನಕ್ಷತ್ರ ಚಿಹ್ನೆ, *ಗೋಡೆ-ದಪ್ಪ* ಅನ್ನೋ ಥರ. ಉತ್ತರ ಹಿಡಿಯೋಕೆ ಇನ್ನೊಂದು, ಅದು ಸ್ಲ್ಯಾಶ್ ಆದ್ಮೇಲೆ ಲೋಕಲ್ (ರೂಟಿನ್ ಮುಗಿದ್ರೆ ಹೋಗೋದು). ರೂಟಿನ್ ಶುರುವಲ್ಲೇ ಗ್ಲೋಬಲ್ ನಿಲ್ (ಬೆಲೆಯೇ ಇಲ್ಲ) ಇದ್ಯಾ ನೋಡಿ, ಇದ್ರೆ ಮಾತ್ರ 230 ಹಾಕಿ, ಆರ್ ಫಂಕ್ಷನ್ ಒಳಗೆ ಗ್ಲೋಬಲ್ಲು, ಅದ್ರ ಪಕ್ಕ ಸೆಟ್‌ಕ್ಯೂ (ಬೆಲೆ ಹಾಕೋ ಫಂಕ್ಷನ್) ಬರೆದ್ರೆ ಒಂದೇ ಲೈನಲ್ಲಿ ಮುಗಿಯುತ್ತೆ. ಆಮೇಲೆ ಗೆಟ್‌ಡಿಸ್ಟ್ (ಅಳತೆ ತಗೊಳ್ಳೋ ಫಂಕ್ಷನ್) ಕೇಳೋ ಪ್ರಾಂಪ್ಟ್‌ನಲ್ಲಿ ಆರ್‌ಟುಎಸ್ (ನಂಬರನ್ನ ಸ್ಟ್ರಿಂಗ್, ಅಂದ್ರೆ ಅಕ್ಷರದ ಸಾಲು ಮಾಡೋದು) ಬಳಸಿ ಈಗಿನ ಬೆಲೆ ತೋರ್ಸಿ. ಎಂಟರ್ ಒತ್ತಿದ್ರೆ ಗೆಟ್‌ಡಿಸ್ಟ್ ನಿಲ್ ಕೊಡುತ್ತೆ, ಅದನ್ನ ನೇರ ಗ್ಲೋಬಲ್‌ಗೆ ಹಾಕಿದ್ರೆ ಹಳೇ ದಪ್ಪ ಅಳಿಸಿಹೋಯ್ತು ಅಂತ್ಲೇ ಲೆಕ್ಕ, ಅದಕ್ಕೇ ಲೋಕಲ್‌ನಲ್ಲಿ ಹಿಡಿದು ನಿಲ್ ಅಲ್ಲ ಅಂತಾದ್ರೆ ಮಾತ್ರ ಗ್ಲೋಬಲ್‌ಗೆ ದಾಟ್ಸಿ.

ಇನಿಟ್‌ಗೆಟ್ (ಯಾವ ಉತ್ತರ ತಗೋಬಾರ್ದು ಅಂತ ಮೊದ್ಲೇ ಹೇಳೋದು) ಹಾಕೋದಾದ್ರೆ 6, ಅಂದ್ರೆ 2+4, ಹಾಕಿ, 7 ಬೇಡ. 2 ಸೊನ್ನೆ ತಡೆಯುತ್ತೆ, 4 ಮೈನಸ್ ತಡೆಯುತ್ತೆ, 1 ಸೇರಿದ್ರೆ ಬರೀ ಎಂಟರ್ ಒತ್ತೋಕೇ ಬಿಡಲ್ಲ, ಡಿಫಾಲ್ಟ್ ಇಟ್ಟು ಏನು ಉಪಯೋಗ. ಗೆಟ್‌ಸ್ಟ್ರಿಂಗ್‌ದು ಮಾತ್ರ ಬೇರೆ, ಎಂಟರ್‌ಗೆ ನಿಲ್ ಬರಲ್ಲ, ಖಾಲಿ ಸ್ಟ್ರಿಂಗ್ ಬರುತ್ತೆ, ಅಲ್ಲಿ ಚೆಕ್ ಬೇರೆ ಥರ ಬರೀಬೇಕು.

ಶಿವಮೊಗ್ಗ ಡ್ರಾಫ್ಟಿಂಗ್:
ಸೂಪರ್ ಸರ್, ಕಿಟಕಿ ಕೂರ್ಸಿ ಬಂದ್ರೂ 230 ಹಾಗೇ ಇದೆ. ಇನ್ನೊಂದು ಡೌಟ್, ಹೊಸನಗರದ ಕಡೆ ಜಂಬಿಟ್ಟಿಗೆ ಮನೆ ಒಂದಕ್ಕೆ 300 ಕೊಟ್ಟಿದ್ದೆ, ಫೈಲ್ ಮುಚ್ಚಿ ಮರುದಿನ ಓಪನ್ ಮಾಡಿದ್ರೆ ಮತ್ತೆ 230 ಕೇಳ್ತಿದೆ. ಗ್ಲೋಬಲ್ ಅಂದ್ರೂ ಹೀಗ್ಯಾಕೆ?

ಸಾಗರ ಕ್ಯಾಡ್:
ಗ್ಲೋಬಲ್ ಅಂದ್ರೂ ಅದು ಆ ಒಂದು ಡ್ರಾಯಿಂಗ್‌ಗೆ ಮಾತ್ರ, ಪಕ್ಕದಲ್ಲೇ ತೆರೆದಿರೋ ಇನ್ನೊಂದು ಡ್ರಾಯಿಂಗ್‌ಗೆ ಅದು ಕಾಣಲ್ಲ, ಮುಚ್ಚಿದ್ರೆ ಹೋಯ್ತು. ಎಲ್ಲಿ ಉಳಿಸ್ಬೇಕು ಅನ್ನೋದು ಆ ಬೆಲೆ ಯಾವುದಕ್ಕೆ ಸೇರಿದ್ದು ಅನ್ನೋದ್ರ ಮೇಲೆ. ಸೆಟ್‌ಎನ್ವಿ, ಗೆಟ್‌ಎನ್ವಿ ಬಳಸಿದ್ರೆ ಕಂಪ್ಯೂಟರ್‌ನಲ್ಲಿ ಉಳಿಯುತ್ತೆ, ಎಲ್ಲಾ ಡ್ರಾಯಿಂಗ್‌ಗೂ ಸಿಗುತ್ತೆ, ಆದ್ರೆ ಸ್ಟ್ರಿಂಗ್ ಮಾತ್ರ ತಗೊಳ್ಳುತ್ತೆ, ಓದ್ವಾಗ ಎಟಾಫ್‌ನಿಂದ ನಂಬರ್ ಮಾಡ್ಕೋಬೇಕು. ನಿಮ್ಮ ಅಕ್ಷರದ ಎತ್ತರದಂಥ ಅಭ್ಯಾಸದ ವಿಷಯಕ್ಕೆ ಅದು ಸರಿ. ಗೋಡೆ ದಪ್ಪ ಹಾಗಲ್ಲ, ಅದು ಆ ಮನೇದು. ಜಂಬಿಟ್ಟಿಗೆ ಮನೇ 300 ಹೋಗಿ ವಿನೋಬನಗರದ ಇಟ್ಟಿಗೆ ಮನೆಗೆ ಡಿಫಾಲ್ಟ್ ಆಗಿ ಬಂದ್ರೆ ಎಂಟರ್ ಒತ್ತೋ ಅಭ್ಯಾಸದಲ್ಲಿ ಯಾರೂ ಗಮನಿಸಲ್ಲ, ಹಾಗಾಗಿ ಡ್ರಾಯಿಂಗ್ ಒಳಗೇ ಇಡಿ. ವಿಎಲ್ಎಎಕ್ಸ್-ಎಲ್‌ಡೇಟಾ-ಪುಟ್‌ನಿಂದ ಇಟ್ಟು ಫೈಲ್ ಸೇವ್ ಮಾಡಿ, ಅದ್ರ ಜೋಡಿ ವಿಎಲ್ಎಎಕ್ಸ್-ಎಲ್‌ಡೇಟಾ-ಗೆಟ್‌ನಿಂದ ಓದಿ. ಗೆಟ್‌ಗೆ ಮೂರನೇ ಆರ್ಗ್ಯುಮೆಂಟ್ ಆಗಿ 230.0 ಕೊಟ್ರೆ ಮೊದಲ ಸಲ ಏನೂ ಸಿಗದಾಗ ಅದನ್ನೇ ಕೊಡುತ್ತೆ. ಯೂಸರ್‌ಆರ್1 ಇಂದ 5ರವರೆಗಿನ ಸಿಸ್ಟಮ್ ವೇರಿಯಬಲ್ಲೂ ಡ್ರಾಯಿಂಗ್‌ನಲ್ಲೇ ಉಳಿಯುತ್ತೆ, ಆದ್ರೆ ಅವನ್ನ ಬೇರೆಯವ್ರ ಲಿಸ್ಪ್ ಕೂಡ ಮುಟ್ಬಹುದು, ಅಲ್ಲಿಗೆ ನಿಮ್ಮ ಡಬ್ಲ್ಯೂ ಕಥೇನೇ ಮತ್ತೆ.

ತೀರ್ಥಹಳ್ಳಿ ಸಿವಿಲ್:
ಸಾಗರದವ್ರು ಹೇಳಿದ್ದು ಸರಿ. ಜೊತೆಗೆ ಇದೊಂದು, ಗೋಡೆ ರೂಟಿನ್ ಒಳಗಿಂದ ಬೇರೆ ಸಣ್ಣ ಫಂಕ್ಷನ್ ಕರೀತಿದ್ರೆ ಅದಕ್ಕೂ ಸ್ಲ್ಯಾಶ್ ಹಾಕಿ ಲೋಕಲ್ ಲಿಸ್ಟ್ ಬರೀರಿ. ಆಟೋಲಿಸ್ಪ್‌ನಲ್ಲಿ ಕರೆದವನ ಲೋಕಲ್ ಕೆಳಗಿನ ಫಂಕ್ಷನ್‌ಗೂ ಕಾಣುತ್ತೆ, ಅಲ್ಲಿ ಅದೇ ಹೆಸ್ರಿಗೆ ಸೆಟ್‌ಕ್ಯೂ ಮಾಡಿದ್ರೆ ಮೇಲಿನದೇ ಬದಲಾಗುತ್ತೆ. ಮಧ್ಯದಲ್ಲಿ ಎಸ್ಕೇಪ್ ಒತ್ತಿದ್ರೆ ಲೋಕಲ್‌ಗಳು ತಾವೇ ಹಳೇ ಸ್ಥಿತಿಗೆ ಬರುತ್ವೆ, ಆದ್ರೆ ನೀವು ಬದಲಾಯಿಸಿದ ಓಸ್‌ಮೋಡ್ (ಆಬ್ಜೆಕ್ಟ್ ಸ್ನ್ಯಾಪ್ ಸೆಟ್ಟಿಂಗ್) ಬರಲ್ಲ, ಅದನ್ನ ತಪ್ಪಾದಾಗ ತಾನೇ ಓಡೋ *ಎರರ್* ಫಂಕ್ಷನ್‌ನಲ್ಲಿ ವಾಪಸ್ ಹಾಕ್ಬೇಕು, ಆ *ಎರರ್* ಹೆಸರನ್ನೂ ಲೋಕಲ್ ಲಿಸ್ಟ್‌ಗೆ ಸೇರ್ಸಿ.