ಡೇಲೈಟ್ ಸೇವಿಂಗ್ ಟೈಮ್ ಕುರಿತ ಪಠ್ಯಕ್ಕೆ ಇನ್‌ಲೈನ್ ಸಿಎಸ್‌ಎಸ್: ಮೂರು ಕಡೆ ಎಡವಿದ್ದೇನೆ

ಪ್ರಶ್ನೆ

ವೆಬ್ ಪುಟ ಕಟ್ಟುವ ಎಚ್‌ಟಿಎಂಎಲ್ ಕಲಿತು, ಅದರ ಬಣ್ಣ, ಗಾತ್ರ, ಜೋಡಣೆಯನ್ನು ಹೇಳುವ ಸಿಎಸ್‌ಎಸ್‌ಗೆ ಈಗಷ್ಟೇ ಕೈಹಾಕಿದ್ದೇನೆ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ಪದ್ಧತಿಯ ಬಗ್ಗೆ ಮೂರು ಪ್ಯಾರಾ ಬರೆದುಕೊಂಡು, ಪ್ರತ್ಯೇಕ ಸ್ಟೈಲ್‌ಶೀಟ್ ಇಲ್ಲದೆ, ಪ್ರತಿ ಟ್ಯಾಗ್‌ನ ಸ್ಟೈಲ್ ಆಟ್ರಿಬ್ಯೂಟ್‌ನಲ್ಲೇ ಎಲ್ಲವನ್ನೂ, ಅಂದರೆ ಇನ್‌ಲೈನ್ ಆಗಿ, ಬರೆದು ಅಭ್ಯಾಸ ಮಾಡುತ್ತಿದ್ದೇನೆ. ಮೊದಲ ಪ್ಯಾರಾದಲ್ಲಿ ಇಂಗ್ಲೆಂಡಿನ ವಿಲಿಯಂ ವಿಲೆಟ್ 1907ರಲ್ಲಿ ಮುಂದಿಟ್ಟ ಸಲಹೆಯಿದೆ: ಏಪ್ರಿಲ್‌ನ ನಾಲ್ಕು ಭಾನುವಾರಗಳಂದು ತಲಾ 20 ನಿಮಿಷದಂತೆ ಒಟ್ಟು 80 ನಿಮಿಷ ಗಡಿಯಾರವನ್ನು ಮುಂದಕ್ಕೆ ತಿರುಗಿಸಬೇಕೆಂದು ಅವರು ಸೂಚಿಸಿದ್ದರು. ಎರಡನೆಯ ಪ್ಯಾರಾದಲ್ಲಿ 1916ರ ಏಪ್ರಿಲ್ 30ರಂದು ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೇರಿ ಈ ಪದ್ಧತಿಯನ್ನು ಜಾರಿಗೆ ತಂದ ವಿಷಯವಿದೆ. ಮೂರನೆಯದು ಅಮೆರಿಕದಾದ್ಯಂತ ಈಗ ನಡೆಯುವ ಬದಲಾವಣೆಯನ್ನು ಹೇಳುತ್ತದೆ.

ಶೀರ್ಷಿಕೆಗೆ "ಬ್ಯಾಕ್‌ಗ್ರೌಂಡ್-ಕಲರ್: ಲೈಟ್‌ಯೆಲ್ಲೋ; ಕಲರ್: ನೇವಿ ಫಾಂಟ್-ಸೈಜ್: 24ಪಿಎಕ್ಸ್" ಎಂದು ಕೊಟ್ಟಿದ್ದೇನೆ. ಹಿನ್ನೆಲೆ ಹಳದಿಯಾಗಿದೆ, ಆದರೆ ಅಕ್ಷರದ ಬಣ್ಣವೂ ಬದಲಾಗಿಲ್ಲ, ಗಾತ್ರವೂ ಬದಲಾಗಿಲ್ಲ. 1916ರ ದಿನಾಂಕವನ್ನು ಸ್ಪ್ಯಾನ್‌ನಲ್ಲಿ (ಸಾಲಿನೊಳಗಿನ ಒಂದು ತುಣುಕನ್ನು ಸುತ್ತುವ ಟ್ಯಾಗ್) ಇಟ್ಟು ಟೆಕ್ಸ್ಟ್-ಅಲೈನ್ ಸೆಂಟರ್ ಕೊಟ್ಟರೂ ಅದು ಇದ್ದಲ್ಲಿಂದ ಕದಲುತ್ತಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ, ವಿಲೆಟ್ ಅವರ ಪ್ಯಾರಾದಲ್ಲಿ ನಾಲ್ಕು ಸಲ ಬರುವ "20 ನಿಮಿಷ"ಕ್ಕೆ ಒಂದೇ ಗಾತ್ರ, 1.2ಇಎಂ, ಕೊಟ್ಟಿದ್ದರೂ ಒಂದಕ್ಕಿಂತ ಒಂದು ದೊಡ್ಡದಾಗುತ್ತ ಹೋಗಿ, ನಾಲ್ಕನೆಯದು ಶೀರ್ಷಿಕೆಯನ್ನೂ ಮೀರಿಸಿದೆ.

ಉತ್ತರ 1

ನೇವಿ ಎಂಬ ಪದದ ನಂತರ ಸೆಮಿಕೋಲನ್ ಬಿಟ್ಟುಹೋಗಿದೆ. ಬ್ರೌಸರ್ ಮುಂದಿನ ಸೆಮಿಕೋಲನ್ ಸಿಗುವವರೆಗೂ ಇರುವುದೆಲ್ಲವನ್ನೂ ಒಂದೇ ವ್ಯಾಲ್ಯೂ ಎಂದು ಓದುತ್ತದೆ. ಹಾಗಾಗಿ ಕಲರ್‌ಗೆ "ನೇವಿ ಫಾಂಟ್-ಸೈಜ್: 24ಪಿಎಕ್ಸ್" ಎಂಬ ಅರ್ಥವಿಲ್ಲದ ವ್ಯಾಲ್ಯೂ ಸಿಕ್ಕಿ, ಇಡೀ ಡಿಕ್ಲರೇಷನ್ (ಪ್ರಾಪರ್ಟಿ ಮತ್ತು ವ್ಯಾಲ್ಯೂ ಜೋಡಿ) ಅನೂರ್ಜಿತವೆಂದು ಬಿದ್ದುಹೋಗುತ್ತದೆ. ಸಿಎಸ್‌ಎಸ್ ಇಂಥ ತಪ್ಪಿಗೆ ಪುಟದ ಮೇಲೆ ಯಾವ ದೂರನ್ನೂ ಹೇಳುವುದಿಲ್ಲ, ಸುಮ್ಮನೆ ಬಿಟ್ಟು ಮುಂದೆ ಸಾಗುತ್ತದೆ. ಹಿನ್ನೆಲೆಯ ಡಿಕ್ಲರೇಷನ್ ಅದಕ್ಕೂ ಮೊದಲೇ ಸರಿಯಾಗಿ ಮುಗಿದಿದ್ದರಿಂದ ಉಳಿದುಕೊಂಡಿದೆ. ಬ್ರೌಸರ್‌ನಲ್ಲೇ ಇರುವ ಡೆವಲಪರ್ ಟೂಲ್ಸ್ ತೆರೆದು ಆ ಶೀರ್ಷಿಕೆಯನ್ನು ಆಯ್ದುಕೊಂಡರೆ, ತಪ್ಪಿದ ಸಾಲಿನ ಮೇಲೆ ಗೆರೆ ಎಳೆದಿರುವುದು ಕಾಣಿಸುತ್ತದೆ.

ಟೆಕ್ಸ್ಟ್-ಅಲೈನ್ ಎಂಬುದು ಪ್ಯಾರಾದಂಥ ಬ್ಲಾಕ್ ಎಲಿಮೆಂಟ್‌ನ ಒಳಗಿರುವ ಸಾಲುಗಳನ್ನು ಹೊಂದಿಸುವ ಪ್ರಾಪರ್ಟಿ. ಸ್ಪ್ಯಾನ್‌ನ ಅಗಲ ತನ್ನೊಳಗಿನ ಅಕ್ಷರಗಳಷ್ಟೇ ಆದ್ದರಿಂದ ಅದರೊಳಗೆ ಅತ್ತಿತ್ತ ಸರಿಯಲು ಜಾಗವೇ ಇರುವುದಿಲ್ಲ. ದಿನಾಂಕ ಪ್ರತ್ಯೇಕ ಸಾಲಿನಲ್ಲಿ ನಡುವೆ ಬರಬೇಕಾದರೆ ಅದನ್ನು ಬೇರೆ ಪ್ಯಾರಾ ಮಾಡಿ, ಸ್ಟೈಲನ್ನು ಆ ಪ್ಯಾರಾಗೆ ಕೊಡಿ.

ಉತ್ತರ 2

ಮೂರನೆಯ ತೊಂದರೆಗೆ ಕಾರಣ ಸಿಎಸ್‌ಎಸ್ ಅಲ್ಲವೆಂದು ನನ್ನ ಊಹೆ. ಪ್ರತಿ "20 ನಿಮಿಷ"ದ ನಂತರ ಸ್ಪ್ಯಾನ್ ಮುಚ್ಚಿದ್ದೀರಾ ನೋಡಿ. ಮುಚ್ಚದಿದ್ದರೆ ಎರಡನೆಯದು ಮೊದಲನೆಯದರ ಒಳಗೆ, ಮೂರನೆಯದು ಎರಡನೆಯದರ ಒಳಗೆ ಸೇರುತ್ತ ಹೋಗುತ್ತದೆ. ಫಾಂಟ್-ಸೈಜ್‌ನಲ್ಲಿ ಇಎಂ ಎಂದರೆ ತಂದೆ ಎಲಿಮೆಂಟ್‌ನ (ಅದನ್ನು ಸುತ್ತಿರುವ ಹೊರ ಎಲಿಮೆಂಟ್‌ನ) ಅಕ್ಷರಗಾತ್ರದ ಅಷ್ಟು ಪಟ್ಟು ಎಂದರ್ಥ. ಹೀಗಾಗಿ 16 ಪಿಕ್ಸೆಲ್‌ನ ಪ್ಯಾರಾದಲ್ಲಿ ಮೊದಲನೆಯದು 19.2, ಎರಡನೆಯದು ಸುಮಾರು 23, ಮೂರನೆಯದು 27.6, ನಾಲ್ಕನೆಯದು 33ಕ್ಕೂ ಹೆಚ್ಚು. ವಿಲೆಟ್ ಅವರ ಇಪ್ಪತ್ತು ನಿಮಿಷಗಳು ಕೂಡುತ್ತ ಹೋದವು, ನಿಮ್ಮವು ಗುಣಿಸುತ್ತ ಹೋಗಿವೆ! ಪ್ಯಾರಾ ಮುಗಿದೊಡನೆ ಬ್ರೌಸರ್ ತೆರೆದ ಸ್ಪ್ಯಾನ್‌ಗಳನ್ನು ತಾನೇ ಮುಚ್ಚುವುದರಿಂದ ಮುಂದಿನ ಪ್ಯಾರಾ ಪಾರಾಗಿದೆ. ಸ್ಪ್ಯಾನ್ ಬದಲು ದಪ್ಪಕ್ಷರದ ಬಿ ಟ್ಯಾಗ್ ಆಗಿದ್ದರೆ ದಪ್ಪಕ್ಷರ ಅಲ್ಲಿಗೂ ಹರಿಯುತ್ತಿತ್ತು. ಇಎಂ ಬದಲು ಆರ್‌ಇಎಂ ಬಳಸಿದರೆ ಲೆಕ್ಕ ಇಡೀ ಪುಟದ ಮೂಲ ಎಲಿಮೆಂಟ್‌ನಿಂದ (ಎಚ್‌ಟಿಎಂಎಲ್ ಟ್ಯಾಗ್) ಆಗುವುದರಿಂದ ಈ ಗುಣಾಕಾರ ನಿಲ್ಲುತ್ತದೆ. ಆದರೂ ಟ್ಯಾಗ್ ಮುಚ್ಚುವುದೇ ಸರಿಯಾದ ಮದ್ದು.

ಉತ್ತರ 3

ಪಠ್ಯದಲ್ಲೇ ಒಂದು ತಿದ್ದುಪಡಿ ಬೇಕಿದೆ. ಹವಾಯಿಯಲ್ಲೂ ಅರಿಜೋನಾದ ಬಹುಭಾಗದಲ್ಲೂ ಗಡಿಯಾರವನ್ನು ಬದಲಿಸುವುದಿಲ್ಲವಾದ್ದರಿಂದ "ಅಮೆರಿಕದಾದ್ಯಂತ" ಎನ್ನುವಂತಿಲ್ಲ. ಉಳಿದೆಡೆ 2007ರಿಂದ ಮಾರ್ಚ್‌ನ ಎರಡನೆಯ ಭಾನುವಾರ ಬೆಳಗಿನ ಜಾವ 1:59ರ ನಂತರ ನೇರವಾಗಿ 3:00 ಆಗುತ್ತದೆ. ನವೆಂಬರ್‌ನ ಮೊದಲ ಭಾನುವಾರ 2:00 ಆಗಬೇಕಾದಾಗ ಗಡಿಯಾರ ಮತ್ತೆ 1:00ಕ್ಕೆ ಮರಳುತ್ತದೆ.

ಇನ್‌ಲೈನ್ ಸ್ಟೈಲ್‌ನ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ಆ ನವೆಂಬರ್ ರಾತ್ರಿ 1:30 ಎರಡು ಸಲ ಬರುತ್ತದೆ. ಬರಹದಲ್ಲಿ ಎರಡೂ ಒಂದೇ, ಗಡಿಯಾರದಲ್ಲೂ ಒಂದೇ. ಮೊದಲ 1:30ಕ್ಕೆ ಕಿತ್ತಳೆ ಬಣ್ಣ, ಎರಡನೆಯದಕ್ಕೆ ಕಡುಬೂದು ಬಣ್ಣ ಕೊಟ್ಟರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಆದರೆ ಬಣ್ಣ ಗುರುತಿಸಲಾಗದವರಿಗೂ ಸ್ಕ್ರೀನ್ ರೀಡರ್ ಬಳಸುವವರಿಗೂ ತಿಳಿಯುವಂತೆ "ಬೇಸಿಗೆ ಸಮಯ", "ಪ್ರಮಾಣಿತ ಸಮಯ" ಎಂಬ ಪದಗಳನ್ನೂ ಪಕ್ಕದಲ್ಲಿ ಬರೆಯುವುದು ಅಗತ್ಯ. ಮಾರ್ಚ್‌ನಲ್ಲಿ ಇಲ್ಲವಾಗುವ 2:30ರ ಮೇಲೆ ಟೆಕ್ಸ್ಟ್-ಡೆಕೊರೇಷನ್ ಲೈನ್-ಥ್ರೂ (ಅಡ್ಡಗೆರೆ) ಹಾಕಿ ನೋಡಿ.

ಒಂದು ಮಿತಿಯನ್ನು ಮಾತ್ರ ಈಗಲೇ ತಿಳಿದಿರಿ. ಮೌಸ್ ತಂದಾಗ ಬಣ್ಣ ಬದಲಾಗಲಿ ಎಂದೋ, ಸಣ್ಣ ಪರದೆಯಲ್ಲಿ ಗಾತ್ರ ತಗ್ಗಲಿ ಎಂದೋ ಬಯಸಿದರೆ, ಹೋವರ್ ಆಗಲಿ ಮೀಡಿಯಾ ಕ್ವೆರಿಯಾಗಲಿ ಸ್ಟೈಲ್ ಆಟ್ರಿಬ್ಯೂಟ್‌ನೊಳಗೆ ಬರೆಯಲು ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮೂರು ಸ್ಪ್ಯಾನ್‌ಗಳನ್ನು ನಿಜಕ್ಕೂ ಮುಚ್ಚಿರಲಿಲ್ಲ. ಈಗ ಎರಡು 1:30ಗಳಿಗೂ ಬಣ್ಣ ಬಂದಿದೆ, ಆದರೆ ಮೊದಲನೆಯದನ್ನು ದಪ್ಪಕ್ಷರ ಮಾಡಲು ಅದೇ ಟ್ಯಾಗ್‌ನಲ್ಲಿ ಇನ್ನೊಂದು ಸ್ಟೈಲ್ ಆಟ್ರಿಬ್ಯೂಟ್ ಸೇರಿಸಿದರೆ ಪರಿಣಾಮವೇ ಇಲ್ಲ.

ಉತ್ತರ 1 ಬರೆದವರು

ಒಂದು ಟ್ಯಾಗ್‌ನಲ್ಲಿ ಒಂದೇ ಹೆಸರಿನ ಆಟ್ರಿಬ್ಯೂಟ್ ಎರಡು ಸಲ ಬಂದರೆ ಬ್ರೌಸರ್ ಮೊದಲನೆಯದನ್ನಷ್ಟೇ ಇಟ್ಟುಕೊಳ್ಳುತ್ತದೆ. ಫಾಂಟ್-ವೇಟ್ ಅನ್ನು ಮೊದಲ ಆಟ್ರಿಬ್ಯೂಟ್‌ನೊಳಗೇ, ಬಣ್ಣದ ನಂತರ ಸೇರಿಸಿ. ನಡುವೆ ಸೆಮಿಕೋಲನ್ ಇರಲಿ.