‘ಅವು ಹೋದರೆ ನಾನೂ ಹೋಗುತ್ತೇನೆ’ ಎನ್ನುವ ಅಮ್ಮ: ಓದುಗರ ಸ್ಪಂದನ

ಬದಿಯಡ್ಕದ ಹತ್ತಿರದ ಓದುಗರೊಬ್ಬರು ಬರೆದಿದ್ದ ಸಮಸ್ಯೆ ಇದು: ಅಪ್ಪ ತೀರಿಹೋದ ಮೇಲೆ ಎಪ್ಪತ್ತರ ಅಮ್ಮ ಅಡಿಕೆ ತೋಟದ ನಡುವಿನ ಹಂಚಿನ ಮನೆಯಲ್ಲಿ ಒಬ್ಬರೇ. ಕಳೆದ ಮಳೆಗಾಲದಲ್ಲಿ ಎಲ್ಲಿಂದಲೋ ಬಂದು ಸೇರಿದ ಹೆಣ್ಣು ಬೆಕ್ಕಿಗೆ ಈಗ ನಾಲ್ಕು ತಿಂಗಳ ಮೂರು ಮರಿಗಳು. ಸಸ್ಯಾಹಾರಿಗಳ ಮನೆ, ಬೆಕ್ಕುಗಳಿಗೂ ಹಾಲು ಅನ್ನ. ಬೆಕ್ಕು ಕೂಗಿತೆಂದು ಅಮ್ಮ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ, ಮದುವೆ–ಉಪನಯನ ಯಾವುದಕ್ಕೂ ಹೊರಡುವುದಿಲ್ಲ, ಒಮ್ಮೆ ಬೆಕ್ಕು ಕಾಲಿಗೆ ಅಡ್ಡ ಬಂದು ಬಿದ್ದದ್ದೂ ಆಯಿತು. ಏಳು ತಿಂಗಳ ಬಸುರಿ ತಂಗಿ ಮುಂದಿನ ತಿಂಗಳು ಹೆರಿಗೆಗೆ ಬರುವವಳು. ಬೆಕ್ಕಿರುವ ಮನೆಗೆ ಕಳಿಸುವುದಿಲ್ಲ ಎಂದು ಅವಳ ಅತ್ತೆ. ಗೋಣಿಯಲ್ಲಿ ಕಟ್ಟಿ ಮೀನು ಮಾರ್ಕೆಟ್ಟಿನ ಹತ್ತಿರ ಬಿಟ್ಟು ಬಂದರಾಯಿತು ಎಂದು ಅಣ್ಣ. ಅವು ಹೋದರೆ ನಾನೂ ಹೋಗುತ್ತೇನೆ ಎಂದು ಅಮ್ಮ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿಯ ಅತ್ತೆಯವರ ಹೆದರಿಕೆಯಲ್ಲಿ ಅರ್ಧ ನಿಜವಿದೆ. ಟೊಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರೋಪಜೀವಿ ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಬೆಳೆದು ಮಲದಲ್ಲಿ ಮೊಟ್ಟೆಯಂಥ ಕಣಗಳಾಗಿ ಹೊರಬೀಳುತ್ತದೆ. ಬಸುರಿನಲ್ಲಿ ಮೊದಲ ಬಾರಿ ಇದರ ಸೋಂಕು ತಗಲಿದರೆ ಮಗುವಿನ ಕಣ್ಣಿಗೂ ಮೆದುಳಿಗೂ ತೊಂದರೆಯಾಗಬಹುದು. ಆದರೆ ಬೆಕ್ಕು ಈ ಕಣಗಳನ್ನು ಜೀವನಪೂರ್ತಿ ಹಾಕುವುದಿಲ್ಲ. ತನಗೆ ಮೊದಲ ಸಲ ಸೋಂಕಾದಾಗ ಒಂದರಿಂದ ಮೂರು ವಾರ ಹಾಕುತ್ತದೆ, ಆಮೇಲೆ ಸಾಮಾನ್ಯವಾಗಿ ನಿಲ್ಲುತ್ತದೆ. ಇಲಿ, ಹಕ್ಕಿ ಹಿಡಿಯಲು ಕಲಿಯುವ ಮರಿಗಳಲ್ಲೇ ಇದು ಹೆಚ್ಚು. ನಿಮ್ಮಲ್ಲಿರುವ ಮೂರೂ ಅದೇ ಪ್ರಾಯದವು, ಹಾಗಾಗಿ ಹಗುರವಾಗಿ ಎಣಿಸಬೇಡಿ.

ಸಮಾಧಾನದ ಸಂಗತಿಯೆಂದರೆ, ಹೊರಬಿದ್ದ ಕಣ ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನಕ್ಕೊಮ್ಮೆ ತಪ್ಪದೆ ಮಲ ತೆಗೆದರೆ ಅಪಾಯದ ದೊಡ್ಡ ಪಾಲು ಕಳೆಯಿತು. ತೆಗೆಯುವವರು ಅಮ್ಮ ಅಥವಾ ನೀವು, ತಂಗಿ ಖಂಡಿತ ಅಲ್ಲ. ಬೆಕ್ಕನ್ನು ಮುಟ್ಟಿದ್ದರಿಂದ, ಮಡಿಲಲ್ಲಿ ಮಲಗಿಸಿದ್ದರಿಂದ ಇದು ಬರುವುದು ತೀರಾ ಅಪರೂಪ. ಸರಿಯಾಗಿ ಬೇಯದ ಮಾಂಸ, ಮಣ್ಣು ಮೆತ್ತಿದ ಕೈ, ತೊಳೆಯದ ಸೊಪ್ಪು, ಕುದಿಸದ ನೀರು: ಬರುವ ದಾರಿಗಳು ಇವು. ನಿಮ್ಮ ಮನೆಯಲ್ಲಿ ಮಾಂಸದ ಮಾತಿಲ್ಲ. ಆದರೆ ತೋಟದಂಚಿನ ಒಂದೆಲಗವನ್ನು ಹಸಿಯಾಗಿ ಅರೆದು ತಂಬುಳಿ ಮಾಡುವ ಮನೆಗಳಲ್ಲಿ ನನಗೆ ಬೆಕ್ಕಿಗಿಂತ ಆ ಸೊಪ್ಪಿನದ್ದೇ ಹೆಚ್ಚು ಚಿಂತೆ. ಹೆರಿಗೆಯವರೆಗೆ ಸೊಪ್ಪನ್ನು ಬಾಡಿಸಿ, ಬೇಯಿಸಿಯೇ ಅರೆಯಿರಿ. ಬಾವಿನೀರು ಕುದಿಸಿಯೇ ಕುಡಿಯಲಿ. ಅಂಗಳದಲ್ಲಿ ಹೊಯ್ಗೆ ರಾಶಿ ಇದ್ದರೆ ಟಾರ್ಪಾಲು ಮುಚ್ಚಿ, ಊರ ಬೆಕ್ಕುಗಳೆಲ್ಲ ಅಲ್ಲಿಗೇ ಬರುತ್ತವೆ. ತಂಗಿ ಹೂಗಿಡದ ಬುಡ ಕೆದಕುವುದಿದ್ದರೆ ಗ್ಲೌಸ್ ಹಾಕಲಿ.

ಅವಳ ಡಾಕ್ಟರರಲ್ಲಿ ಐಜಿಜಿ, ಐಜಿಎಂ (ಈ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು) ರಕ್ತಪರೀಕ್ಷೆಯ ಬಗ್ಗೆ ಕೇಳಲಿ. ಐಜಿಜಿ ಇದ್ದು ಐಜಿಎಂ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಹಳೆಯ ಸೋಂಕು, ದೇಹ ಆಗಲೇ ರಕ್ಷಣೆ ಕಟ್ಟಿಕೊಂಡಿದೆ ಎಂದು ಅರ್ಥ. ಎರಡೂ ಇಲ್ಲದಿದ್ದರೆ ಮೇಲೆ ಹೇಳಿದ ಎಚ್ಚರ ಇನ್ನಷ್ಟು ಬಿಗಿಯಾಗಬೇಕು. ಅತ್ತೆಯವರಿಗೆ ನಮ್ಮ ಮಾತಿಗಿಂತ ಆ ಕಾಗದ ಹೆಚ್ಚು ಮನವರಿಕೆ ಮಾಡೀತು.

ಅತ್ತೆಯವರು ಕೇಳದೆ ಬಿಟ್ಟದ್ದು ರೇಬೀಸ್. ನನ್ನನ್ನು ಕೇಳಿದರೆ ಮೊದಲ ಕೆಲಸ ಅದೇ. ಮೂರು ತಿಂಗಳು ದಾಟಿದ ಮರಿಗೆ ಚುಚ್ಚುಮದ್ದು ಹಾಕಬಹುದು, ತಾಯಿಗೂ ಹಾಕಿಸಿ. ರಕ್ಷಣೆ ಬರಲು ಮೂರು–ನಾಲ್ಕು ವಾರ ಹಿಡಿಯುವುದರಿಂದ ತಂಗಿ ಬರುವ ಹಿಂದಿನ ದಿನ ಓಡಿ ಪ್ರಯೋಜನವಿಲ್ಲ, ಈ ವಾರವೇ ಪಂಚಾಯತ್ತಿನ ಮೃಗಾಸ್ಪತ್ರೆಗೆ ಹೋಗಿ. ಹೊಟ್ಟೆಹುಳದ ಮದ್ದನ್ನೂ ಅಲ್ಲೇ ತೂಕ ನೋಡಿ ಕೊಡಿಸಿ. ಲಸಿಕೆಯಾದ ಬೆಕ್ಕೇ ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಸಿನ, ಸುಣ್ಣ ಮೆತ್ತುವುದು ಬೇಡ.

— ನಿವೃತ್ತ ಪಶುವೈದ್ಯ, ಕುಂಬಳೆ

*

ಅಣ್ಣನಿಗೆ ಒಂದು ಮಾತು. ಹಸಿವೆ, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಅಪರಾಧ. ಕಾನೂನು ಬದಿಗಿರಲಿ, ಲೆಕ್ಕವೂ ಕೂಡುವುದಿಲ್ಲ. ಮಾರ್ಕೆಟ್ಟಿನಲ್ಲಿ ಆಗಲೇ ಗಡಿ ಹಾಕಿಕೊಂಡ ಬೆಕ್ಕುಗಳೂ ನಾಯಿಗಳೂ ಇರುತ್ತವೆ, ಮನೆಯಲ್ಲಿ ಬೆಳೆದ ಮರಿ ಅಲ್ಲಿ ಬಾಳುವುದಿಲ್ಲ. ಇತ್ತ ಖಾಲಿಯಾದ ಹಟ್ಟಿಗೆ, ಅಟ್ಟದ ಇಲಿಗಳಿಗೆ ಇನ್ನೊಂದು ಬೆಕ್ಕು ಬಂದೇ ಬರುತ್ತದೆ. ಅದಕ್ಕೆ ಲಸಿಕೆಯೂ ಆಗಿರುವುದಿಲ್ಲ.

— ವಕೀಲರು, ಕಾಸರಗೋಡು

*

ಹಾಲು–ಅನ್ನದ ಬಗ್ಗೆ. ಮೊಲೆಹಾಲು ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದು ಕಡಿಮೆಯಾಗುತ್ತದೆ. ಮನೆಯೊಳಗೆ ಭೇದಿ ಮಾಡುವ ಬೆಕ್ಕಿಗೆ ಎಷ್ಟೋ ಸಲ ಬೇಕಾದದ್ದು ಮದ್ದಲ್ಲ, ಹಾಲು ನಿಲ್ಲಿಸುವುದು. ಮಜ್ಜಿಗೆ ಅನ್ನಕ್ಕೆ ಭೇದಿಯಾಗಲಿಕ್ಕಿಲ್ಲ, ಆದರೆ ಅದರಲ್ಲಿ ಟಾರಿನ್ ಎಂಬ ಪೋಷಕಾಂಶ ಇಲ್ಲ. ಬೆಕ್ಕು ತನಗೆ ಬೇಕಾದಷ್ಟು ಟಾರಿನ್ನನ್ನು ದೇಹದಲ್ಲೇ ತಯಾರಿಸಿಕೊಳ್ಳಲಾರದು, ಮಾಂಸ–ಮೀನಿನಿಂದಲೇ ಸಿಗಬೇಕು. ಇದು ಕಡಿಮೆಯಾದರೆ ಕಣ್ಣಿನ ಒಳಪದರ ಹಾಳಾಗುತ್ತದೆಂದು 1975ರಲ್ಲೂ, ಹೃದಯದ ಸ್ನಾಯು ಸೋಲುತ್ತದೆಂದು 1987ರಲ್ಲೂ ಗೊತ್ತಾಯಿತು. ಹೃದಯ ಸುಧಾರಿಸಬಹುದು, ಹೋದ ದೃಷ್ಟಿ ಬರುವುದಿಲ್ಲ. ಹಿಂದಿನ ಕಾಲದಲ್ಲಿ ಅನ್ನ ತಿಂದೇ ಬದುಕುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಆ ಬೆಕ್ಕುಗಳು ಅನ್ನದ ಜೊತೆಗೆ ಇಲಿ, ಓತಿ, ಹಕ್ಕಿಯನ್ನೂ ತಿನ್ನುತ್ತಿದ್ದವು, ನಾವು ನೋಡುತ್ತಿದ್ದದ್ದು ಅನ್ನವನ್ನು ಮಾತ್ರ.

ಅಡುಗೆಮನೆಗೆ ಮೀನು ತರುವಂತಿಲ್ಲ ಎಂದರೆ ಒಣ ಕಾಳಿನ ಬೆಕ್ಕಿನ ಆಹಾರವೇ ಸುಲಭ. ಅದರಲ್ಲೂ ಮೀನು, ಕೋಳಿ ಇರುತ್ತದೆ ಎಂದು ಅಮ್ಮನಿಗೆ ಮೊದಲೇ ಹೇಳಿಬಿಡಿ. ಡಬ್ಬ, ಅಳತೆಯ ಲೋಟ, ತಟ್ಟೆ ಎಲ್ಲ ಹೊರಗಿನ ಜಗಲಿಯಲ್ಲೇ ಇರಲಿ. ಚೀಟಿಯಲ್ಲಿ ‘ಬೆಕ್ಕಿಗೆ’ ಎಂದೂ, ಪೂರ್ಣ ಸಮತೋಲ ಆಹಾರ ಎಂದೂ, ಟಾರಿನ್ ಎಂದೂ ಇದೆಯೇ ನೋಡಿ. ನಾಯಿಯ ಆಹಾರ ಅಗ್ಗವೆಂದು ತರಬೇಡಿ. ನಾಲ್ಕು ಕಿಲೋ ತೂಗುವ ದೊಡ್ಡ ಬೆಕ್ಕಿಗೆ ದಿನಕ್ಕೆ 50–60 ಗ್ರಾಂ, ಎರಡು ಹೊತ್ತಿಗೆ. ಮರಿಗಳಿಗೆ ಮರಿಯದ್ದೇ ಆಹಾರ, ದಿನಕ್ಕೆ ಮೂರು–ನಾಲ್ಕು ಸಲ, ಅಳತೆ ಚೀಟಿಯಲ್ಲಿದ್ದ ಹಾಗೆ. ಒಂದೇ ದಿನ ಬದಲಿಸಿದರೆ ಹೊಟ್ಟೆ ಕೆಡುತ್ತದೆ. ಮೊದಲ ಎರಡು ದಿನ ಕಾಲು ಪಾಲು, ಮತ್ತೆರಡು ದಿನ ಅರ್ಧ, ಹೀಗೆ ವಾರ–ಹತ್ತು ದಿನದಲ್ಲಿ ಪೂರ್ತಿ ಮಾಡಿ. ಮಳೆಗಾಲದಲ್ಲಿ ದೊಡ್ಡ ಚೀಲ ತರುವುದು ನಷ್ಟ, ಬೂಸು ಹಿಡಿಯುತ್ತದೆ. ಒಂದು ಕಿಲೋದ್ದು ತಂದು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿಡಿ. ತಟ್ಟೆಯನ್ನು ನೀರು ತುಂಬಿದ ಅಗಲ ಪಾತ್ರೆಯೊಳಗೆ ಇಟ್ಟರೆ ಇರುವೆ ಬರುವುದಿಲ್ಲ.

ಒಣ ಆಹಾರ ತಿನ್ನುವ ಬೆಕ್ಕಿಗೆ ನೀರು ಸಾಲದೇ ಹೋಗುವ ಸಂಭವ ಹೆಚ್ಚು. ತಟ್ಟೆಯ ಪಕ್ಕದಲ್ಲಲ್ಲದೆ ಬೇರೆ ಎರಡು ಕಡೆ ನೀರಿಡಿ. ಗಂಡು ಬೆಕ್ಕು ಪದೇಪದೇ ಕುಕ್ಕರಿಸಿ ಮೂತ್ರ ಬರದೆ ಕೂಗಿದರೆ ಮರುದಿನಕ್ಕೆ ಕಾಯಬೇಡಿ. ಮೂತ್ರ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲಿ ಸಾಯಬಹುದು. ನೀರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು–ಪಲ್ಯ ಕಲಸಿದ ಅನ್ನ ಹಾಕಲೇಬೇಡಿ, ರಕ್ತ ಕೆಡುತ್ತದೆ. ಪಕ್ಕದ ಮನೆಯವರು ಬೂತಾಯಿಯ ತಲೆ ಕೊಡುತ್ತಾರೆಂದಾದರೆ ಬೇಯಿಸಿ, ಮುಳ್ಳು ತೆಗೆದು, ವಾರಕ್ಕೊಮ್ಮೆ ಸಾಕು. ದಿನವೂ ಹಸಿಮೀನು ತಿಂದರೆ ಬಿ1 ವಿಟಮಿನ್ ನಾಶವಾಗುತ್ತದೆ.

— ಸಾಕುಪ್ರಾಣಿ ಆಹಾರದ ಅಂಗಡಿಯವರು, ಉಪ್ಪಳ

*

ಎಲ್ಲರೂ ಈಗಿನ ನಾಲ್ಕು ಬೆಕ್ಕುಗಳ ಮಾತಾಡುತ್ತಿದ್ದಾರೆ. ಮರಿಗಳಿಗೆ ನಾಲ್ಕು ತಿಂಗಳಾದರೆ ತಾಯಿ ಈಗಾಗಲೇ ಗಬ್ಬವಾಗಿರಬಹುದು. ಮೊಲೆಯೂಡುತ್ತಿರುವಾಗಲೂ ಬೆಕ್ಕು ಬೆದೆಗೆ ಬರುತ್ತದೆ, ಸುಮಾರು 63–65 ದಿನಕ್ಕೆ ಮರಿ ಹಾಕುತ್ತದೆ, ವರ್ಷಕ್ಕೆ ಎರಡು–ಮೂರು ಸಲ. ಮರಿಗಳಲ್ಲಿ ಹೆಣ್ಣಿದ್ದರೆ ಅದೂ ಇನ್ನು ಯಾವಾಗ ಬೇಕಾದರೂ ಬೆದೆಗೆ ಬರುವ ಪ್ರಾಯ. ಬೆದೆಯ ಕೂಗಿಗೆ ಊರಿನ ಬಾವುಗಗಳೆಲ್ಲ ಜಗಲಿಗೆ ಬಂದು ಜಗಳಾಡಿ ಗೋಡೆಗೆ ಮೂತ್ರ ಸಿಡಿಸುವುದು, ಬಾಣಂತಿ ಮಲಗಿರುವಾಗಲೇ ಇದೆಲ್ಲ ಶುರುವಾದರೆ ಅಮ್ಮನ ಪಕ್ಷ ವಹಿಸಲು ಯಾರೂ ಉಳಿಯುವುದಿಲ್ಲ.

ಹಾಗಾಗಿ ತಾಯಿಯನ್ನೇ ಮೊದಲು ತೋರಿಸಿ. ಗಬ್ಬವಿಲ್ಲದಿದ್ದರೆ, ಮರಿಗಳನ್ನು ಬೇರೆ ಮಲಗಿಸಿ ಹಾಲು ಬತ್ತಿದ ಎರಡು ವಾರಕ್ಕೆ ಮರಿಯಾಗದಂತೆ ಆಪರೇಶನ್ ಮಾಡಿಸಬಹುದು. ಗಬ್ಬವಿದ್ದರೆ ಏನು ಮಾಡುವುದೆಂದು ವೈದ್ಯರೂ ಅಮ್ಮನೂ ಕೂತು ತೀರ್ಮಾನಿಸಲಿ, ಮೇಲಿಂದ ಹೇರಬೇಡಿ. ಮೃಗಾಸ್ಪತ್ರೆಯಲ್ಲಿ ಬೆಕ್ಕಿನ ಶಸ್ತ್ರಚಿಕಿತ್ಸೆ ಆಗುವುದಿಲ್ಲವೆಂದರೆ ಮಂಗಳೂರು ದೂರವೇನಲ್ಲ. ದೊಡ್ಡ ಬೆಕ್ಕಿಗೆ ಹಿಂದಿನ ರಾತ್ರಿಯಿಂದ ಆಹಾರ ಬೇಡ. ಮರಿಗಳನ್ನು ಅಷ್ಟು ಹೊತ್ತು ಉಪವಾಸ ಇಡಬಾರದು, ರಕ್ತದ ಸಕ್ಕರೆ ಇಳಿಯುತ್ತದೆ. ಎಷ್ಟು ಗಂಟೆ ಎಂದು ಕೇಳಿಕೊಳ್ಳಿ. ಹೆಣ್ಣಾದರೆ ಹತ್ತು ದಿನ ಒಂದೇ ಕೋಣೆಯಲ್ಲಿ, ಹೊಲಿಗೆ ನೆಕ್ಕದಂತೆ ಕೊರಳಪಟ್ಟಿ. ಗಂಡಿಗೆ ಬೇಗ ವಾಸಿಯಾಗುತ್ತದೆ, ಆದರೆ ಕತ್ತರಿಸಿದ ಮೇಲೂ ಕೆಲವು ವಾರ ಅದರಿಂದ ಮರಿಯಾಗಬಹುದು, ಹೆಣ್ಣುಗಳ ಜೊತೆ ಬಿಡಬೇಡಿ.

ಒಯ್ಯುವುದಕ್ಕೆ ಗೋಣಿ ಬೇಡ, ಉಸಿರುಕಟ್ಟುತ್ತದೆ. ಹಣ್ಣಿನ ಅಂಗಡಿಯ ಎರಡು ಪ್ಲಾಸ್ಟಿಕ್ ಕ್ರೇಟುಗಳನ್ನು ಬಾಯಿಗೆ ಬಾಯಿ ಸೇರಿಸಿ ನಾಲ್ಕು ಕಡೆ ಹಗ್ಗ ಬಿಗಿದರೆ ಒಳ್ಳೆಯ ಪಂಜರವಾಗುತ್ತದೆ. ವಾರದ ಮೊದಲೇ ಒಂದನ್ನು ಹಳೆ ಸೀರೆ ಹಾಸಿ ಚಾವಡಿಯಲ್ಲಿಟ್ಟರೆ ಬೆಕ್ಕು ತಾನಾಗಿ ಅದರಲ್ಲಿ ಮಲಗಿ ರೂಢಿಯಾಗುತ್ತದೆ.

ನಾಲ್ಕನ್ನೂ ಇಟ್ಟುಕೊಳ್ಳಬೇಕೇ? ಬೇಡ ಎಂದು ನನ್ನ ಅಭಿಪ್ರಾಯ. ಚೆನ್ನಾಗಿ ಸಾಕಿದ ಬೆಕ್ಕು ಹದಿನೈದು ವರ್ಷ ಬದುಕಬಹುದು. ಅಮ್ಮನ ಪ್ರಾಯ ಲೆಕ್ಕ ಹಾಕಿ, ಮುಂದೆ ನೋಡಿಕೊಳ್ಳುವವರು ಯಾರೆಂದು ಈಗಲೇ ನಿಮ್ಮೊಳಗೆ ಮಾತಾಡಿ. ತಾಯಿ ಮತ್ತು ಒಂದು ಮರಿ ಇರಲಿ. ಉಳಿದೆರಡನ್ನು ಆಪರೇಶನ್, ಲಸಿಕೆ ಮುಗಿಸಿ ಇಲಿಕಾಟದ ಹಟ್ಟಿಯಿರುವ ಮನೆಗೆ ಜೋಡಿಯಾಗಿ ಕೊಡಿ. ಅಲ್ಲಿ ಮೊದಲ ಎರಡು–ಮೂರು ವಾರ ಕೋಣೆಯೊಳಗೇ ಇಟ್ಟು ಊಟ ಹಾಕಬೇಕು, ಇಲ್ಲದಿದ್ದರೆ ತಪ್ಪಿಸಿಕೊಂಡು ಹೋಗುತ್ತವೆ.

— ಬೀದಿಬೆಕ್ಕುಗಳಿಗೆ ಮನೆ ಹುಡುಕುವ ಕೆಲಸ ಮಾಡುವವರು, ಮಂಜೇಶ್ವರ

*

ನಾಲ್ಕು ಗಂಟೆಯ ಕೂಗಿಗೆ ಕಾರಣ ಹಟವಲ್ಲ, ಮುಸ್ಸಂಜೆ ಮತ್ತು ನಸುಕು ಬೆಕ್ಕಿನ ಬೇಟೆಯ ಹೊತ್ತು. ಅಮ್ಮ ಎದ್ದು ಹಾಲು ಕೊಟ್ಟದ್ದರಿಂದ ಅದಕ್ಕೆ ಕೂಗಿದರೆ ಸಿಗುತ್ತದೆ ಎಂದು ಪಾಠವಾಗಿದೆ. ರಾತ್ರಿ ಒಂಬತ್ತರ ಹೊತ್ತಿಗೆ ತೆಂಗಿನ ಕಡ್ಡಿಯ ತುದಿಗೆ ಬಟ್ಟೆಚೂರು ಕಟ್ಟಿ ಹತ್ತು ನಿಮಿಷ ಓಡಿಸಿ ಆಡಿಸಲಿ, ಕುರ್ಚಿಯಲ್ಲಿ ಕೂತೇ ಆಗುತ್ತದೆ. ಆಟ ಮುಗಿದ ಕೂಡಲೇ ದಿನದ ಕೊನೆಯ ಊಟ. ಬೆಳಗ್ಗೆ ಎದ್ದ ಕೂಡಲೇ ತಿನ್ನಲು ಕೊಡಬಾರದು, ಮುಖ ತೊಳೆದು ದೀಪ ಹಚ್ಚಿ ಕಾಫಿಯಾದ ಮೇಲೆ. ಮೊದಲ ವಾರ ಕೂಗು ಜೋರಾಗುತ್ತದೆ. ಆಗ ಒಮ್ಮೆ ಬೈದರೂ ಅದಕ್ಕೆ ಉತ್ತರ ಸಿಕ್ಕಿದಂತೆ, ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಬೀಳುವುದು ಹೆಚ್ಚಾಗಿ ಊಟದ ಹೊತ್ತಿನಲ್ಲಿ, ತಟ್ಟೆ ಹಿಡಿದು ನಡೆಯುವಾಗ. ಬೆಕ್ಕಿನ ತಟ್ಟೆ ನೆಲದ ಮೇಲೆ ಬೇಡ. ಜಗಲಿಯ ಕಟ್ಟೆಯ ಮೇಲಿಟ್ಟರೆ ಅಮ್ಮ ಬಗ್ಗಬೇಕಾಗಿಲ್ಲ, ಬೆಕ್ಕೂ ಕಾಲ ಬುಡದಲ್ಲಿ ಸುತ್ತದೆ ಕಟ್ಟೆ ಹತ್ತಿ ಕಾಯುತ್ತದೆ. ಮಂಚದಿಂದ ಬಚ್ಚಲಿನವರೆಗೆ ಜೀರೋ ಬಲ್ಬು ಉರಿಯಲಿ. ಎಳೆದರೆ ಬಿಚ್ಚಿಕೊಳ್ಳುವ ಪಟ್ಟಿಗೆ ಗೆಜ್ಜೆ ಕಟ್ಟಬಹುದು, ಗಟ್ಟಿ ದಾರ ಕಟ್ಟಿದರೆ ಕೊಂಬೆಗೆ ಸಿಕ್ಕಿ ನೇಣಾಗುತ್ತದೆ.

ಮದುವೆಗೆ ಹೋಗದಿರುವುದಕ್ಕೆ ಉಪಾಯ ಬೆಕ್ಕನ್ನು ಜೊತೆಗೆ ಒಯ್ಯುವುದಲ್ಲ, ಜಾಗ ಬದಲಾದರೆ ಅದಕ್ಕೆ ಕಷ್ಟ. ಪಕ್ಕದ ಮನೆಯವರು ಒಬ್ಬರು ಅಮ್ಮ ಮನೆಯಲ್ಲಿರುವಾಗಲೇ ಒಂದು ವಾರ ಬಂದು ಊಟ ಹಾಕಲಿ, ಬೆಕ್ಕಿಗೂ ಅಮ್ಮನಿಗೂ ಧೈರ್ಯ ಬರುತ್ತದೆ. ಆಮೇಲೆ ಒಂದು ಮಧ್ಯಾಹ್ನದ ಊಟದ ಮನೆಗೆ, ನಂತರ ಒಂದು ರಾತ್ರಿಗೆ. ಒಬ್ಬರೇ ಇರುವವರು ಹೊತ್ತಿಗೆ ಸರಿಯಾಗಿ ಎದ್ದು, ಒಲೆ ಹಚ್ಚಿ, ಯಾರೊಡನೆಯೋ ಮಾತಾಡುತ್ತಾ ತಾವೂ ಉಣ್ಣುತ್ತಿದ್ದಾರೆ ಎಂಬುದನ್ನು ನಿಮ್ಮ ಪತ್ರ ದೂರಿನ ಪಟ್ಟಿಯಲ್ಲಿ ಸೇರಿಸಿದೆ. ಅದನ್ನು ಅಲ್ಲಿಂದ ತೆಗೆಯಿರಿ.

— ಮನೆಯಲ್ಲಿ ವೃದ್ಧರ ಆರೈಕೆ ಮಾಡುವ ನರ್ಸ್, ಮುಳ್ಳೇರಿಯ

*

ಮಳೆ ಹಿಡಿದರೆ ಬೆಕ್ಕು ಮಲಮೂತ್ರಕ್ಕೆ ಹೊರಗೆ ಹೋಗದೆ ಮನೆಯ ಮೂಲೆ ಹುಡುಕುತ್ತದೆ. ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು ಟಬ್, ಎರಡು–ಮೂರು ಇಂಚು ಹೊಯ್ಗೆ ಅಥವಾ ತೆಂಗಿನ ನಾರಿನ ಪುಡಿ, ಊಟದ ಜಾಗದಿಂದ ದೂರ. ಒಲೆಯ ಬೂದಿ ಹಾಕಬೇಡಿ, ಒದ್ದೆಯಾದರೆ ಪಾದ ಸುಡುತ್ತದೆ. ಟಬ್ ತೊಳೆಯಲು ಕುದಿಯುವ ನೀರು. ಮೇಲೆ ಹೇಳಿದ ಟೊಕ್ಸೊಪ್ಲಾಸ್ಮಾ ಕಣಗಳು ಬ್ಲೀಚಿಗೆ ಸಾಯುವುದಿಲ್ಲ, ಬಿಸಿಗೆ ಸಾಯುತ್ತವೆ. ಫಿನೈಲ್ ಬೇಡವೇ ಬೇಡ, ಪಾದ ನೆಕ್ಕಿದಾಗ ವಿಷವೇರುತ್ತದೆ.

ತೋಟಕ್ಕೆ ಮದ್ದು ಬಿಡುವ ದಿನವೂ ಇದೇ ಭಯ. ಮೈಲುತುತ್ತು–ಸುಣ್ಣ ಕಲಸಿದ ಡ್ರಮ್ಮಿನ ಸುತ್ತ ಚೆಲ್ಲಿದ್ದನ್ನು ಮೆಟ್ಟಿ ಬಂದು ನೆಕ್ಕುತ್ತವೆ. ಅಂದು ಬೆಕ್ಕುಗಳನ್ನು ಕೋಣೆಯಲ್ಲಿ ಕೂಡಿ ಹಾಕಿ, ಚೆಲ್ಲಿದ ಜಾಗಕ್ಕೆ ನೀರು ಹೊಯ್ದು ಮಣ್ಣು ಮುಚ್ಚಿ. ಇಲಿಪಾಷಾಣ ಇಡುವ ಪದ್ಧತಿ ನಿಲ್ಲಿಸಿ, ವಿಷ ತಿಂದ ಇಲಿಯನ್ನು ತಿಂದರೂ ಬೆಕ್ಕು ಸಾಯುತ್ತದೆ. ತಿಂದದ್ದು ಗೊತ್ತಾದರೆ ವಿಷದ ಪ್ಯಾಕೆಟ್ಟನ್ನೂ ವೈದ್ಯರಲ್ಲಿಗೆ ಒಯ್ಯಿರಿ. ಒಂದು ಬಗೆಯ ವಿಷಕ್ಕೆ ಕೆ1 ವಿಟಮಿನ್ ಪ್ರತಿಮದ್ದಾಗುತ್ತದೆ, ಜಿಂಕ್ ಫಾಸ್ಫೈಡಿಗೆ ಪ್ರತಿಮದ್ದಿಲ್ಲ. ಮೈ ಬಿಸಿಯಾಗಿದೆಯೆಂದು ಮನೆಯಲ್ಲಿದ್ದ ಪ್ಯಾರಸಿಟಮಾಲ್ ಕೊಡುವವರಿದ್ದಾರೆ, ಒಂದೇ ಮಾತ್ರೆ ಸಾಕು ಕೊಲ್ಲಲು.

ಮಗು ಬಂದ ಮೇಲೆ: ಬೆಕ್ಕಿಗೆ ಬೆಚ್ಚನೆಯ ಜಾಗ ಬೇಕು, ತೊಟ್ಟಿಲು ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಬಾಣಂತಿ ಕೋಣೆಯ ಬಾಗಿಲನ್ನು ಹೆರಿಗೆಗೆ ಒಂದು ತಿಂಗಳ ಮೊದಲೇ ಬೆಕ್ಕಿಗೆ ಮುಚ್ಚಿ, ಆಮೇಲೆ ಮುಚ್ಚಿದರೆ ಪರಚುತ್ತಾ ಕೂರುತ್ತದೆ. ಹಂಚಿನ ಮನೆಯಲ್ಲಿ ಅಟ್ಟದಿಂದ ಇಳಿಯುವ ದಾರಿಯೂ ಇರುತ್ತದೆ, ಗೋಡೆಗೂ ಮಾಡಿಗೂ ನಡುವಿನ ಸಂದನ್ನು ಬಲೆಯಿಂದ ಕಟ್ಟಿಸಿ. ತೊಟ್ಟಿಲಿನ ಸೊಳ್ಳೆಪರದೆ ಬಿಗಿಯಾಗಿ ಎಳೆದು ಕಟ್ಟಿದ್ದಾಗಿರಬೇಕು. ಸಡಿಲವಿದ್ದರೆ ಬೆಕ್ಕು ಅದರ ಮೇಲೇ ಮಲಗಿ ಭಾರಕ್ಕೆ ಪರದೆ ಮಗುವಿನ ಮುಖದವರೆಗೆ ಜಗ್ಗುತ್ತದೆ.

— ಕೃಷಿಕರು, ಪೆರ್ಲ